ಎದ್ದು ಹಾಡದ ಹೆಣ

ನಿನ್ನೆ ಕಣ್ಣಿನ ಡಾಕ್ಟರ ಹತ್ತಿರ ಹೋಗಲು ಬೆಟಗೇರಿಯಲ್ಲಿ ಆಟೋ ಹತ್ತಿದೆ. ಡ್ರೈವರ್ ಹುಡುಗ ಹಾಡು ಹಚ್ಚಿದ. ಸೀಟಿನ ಹಿಂದಿದ್ದ ಸ್ಪೀಕರು ನನ್ನ ಬೆನ್ನಿಗೆ ಗುದ್ದತೊಡಗಿತು. "ಪರಶ್ಯಾನ ಹಾಡ್ರೀ ಅವ್ವಾರ. ಕೇಳೀರೇನು?" ಎಂದ. ಕೇಳಿದ್ದೇನೆಯೇ! ಈ ಪರಶ್ಯಾ ನನ್ನ ತೊಡೆಯ ಮೇಲೆ ಸತ್ತವನಪ್ಪಾ, ಎನ್ನಬೇಕೆಂದುಕೊಂಡೆ. ಗಾಬರಿಯಾಗಿ ಆಟೋವನ್ನು ಗಟಾರಕ್ಕೆ ಇಳಿಸಿಯಾನೆಂದು ಸುಮ್ಮನಾದೆ. ನಿಮಗಾದರೆ ಹೇಳಬಹುದು, ನೀವು ಏನನ್ನೂ ಓಡಿಸುತ್ತಿಲ್ಲವಲ್ಲ.

ನಾನು ನಾಟಕದವಳು. ನಮ್ಮ ಕಡೆ ಊರ ಗಂಡಸರೇ ಸೇರಿ ನಾಟಕ ಆಡುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ನಮ್ಮಂಥವರನ್ನು ಕರೆಸುತ್ತಾರೆ. ಮುಂಡರಗಿ, ಲಕ್ಷ್ಮೇಶ್ವರ, ಶಿರಹಟ್ಟಿಯ ಸುತ್ತ ನಾನು ಅಳದ ಊರಿಲ್ಲ. ಮೊದಲು ನಾಯಕಿಯಾಗಿದ್ದೆ, ಆಮೇಲೆ ನಾಯಕಿಯ ಅಕ್ಕ, ಸೊಂಟ ದಪ್ಪಗಾದ ಮೇಲೆ ಎಲ್ಲರಿಗೂ ತಾಯಿ.

ಒಂದು ನಾಟಕವನ್ನಂತೂ ಎಷ್ಟು ಊರಲ್ಲಿ ಆಡಿದ್ದೇನೋ. ಹೊಲದ ಜಗಳದಲ್ಲಿ ಅಣ್ಣ ತಮ್ಮನನ್ನು ಕೊಲ್ಲುತ್ತಾನೆ. ಸತ್ತವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಾಯಿ ಆಡುವ ಮಾತು ಪುಟ ತುಂಬ ಇದೆ. ಅದನ್ನು ಪೂರ್ತಿ ಕೇಳಿದ ಒಬ್ಬ ಪ್ರೇಕ್ಷಕನೂ ಇರಲಿಲ್ಲ. ಯಾಕೆಂದರೆ ನಮ್ಮಲ್ಲಿ ಸಾಯುವವನು ಹಾಡಿಯೇ ಸಾಯಬೇಕು. ಹಾಡು ಹಿಡಿಸಿದರೆ ಜನ 'ಒನ್ಸ್ ಮೋರ್' ಎನ್ನುತ್ತಾರೆ. ಹೆಣ ಎದ್ದು, ಧೂಳು ಕೊಡವಿಕೊಂಡು, ಮತ್ತೆ ಹಾಡಿ ಮತ್ತೆ ಸಾಯುತ್ತದೆ. ಮೆಚ್ಚಿದವರು ಬಂದು ಹೆಣಕ್ಕೆ ಟವೆಲ್ ಹೊದಿಸಿ ಮೈಕಿನಲ್ಲಿ ತಮ್ಮ ಹೆಸರು ಕೂಗಿಸಿಕೊಳ್ಳುತ್ತಾರೆ. ಅಷ್ಟರಲ್ಲಿ ಹಾರ್ಮೋನಿಯಂ ಮಾಸ್ತರರು ನನಗೆ ಕೈಸನ್ನೆ ಮಾಡುತ್ತಾರೆ: ಮಾತು ಬಿಡು, ಪರದೆ ಎಳೀತೀವಿ. 'ಅಯ್ಯೋ ನನ ಮಗನ' ಎಂದು ಮುಗಿಸಿಬಿಡುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಮೊಣಕಾಲು ಮುಷ್ಕರ ಹೂಡಿದ್ದರಿಂದ ಶಿರಹಟ್ಟಿ ಕಡೆಯ ಒಂದು ಊರಿನ ನಾಟಕವೇ ಕೊನೆಯದು ಎಂದು ತೀರ್ಮಾನಿಸಿದ್ದೆ. ಆ ಒಂದು ಸಲವಾದರೂ ಮಾತು ಪೂರ್ತಿ ಆಡಬೇಕೆಂಬ ಆಸೆ. ಹೋಗಿ ನೋಡಿದರೆ ತಮ್ಮನ ಪಾತ್ರಕ್ಕೆ ಪರಶ್ಯಾ! ಲಕ್ಷ್ಮೇಶ್ವರದ ಹುಡುಗ, ಎಲ್ಲರ ಮೊಬೈಲಿನಲ್ಲೂ ಅವನ ಪಾಪ್ ಹಾಡೇ. ಜನ ಸೇರಲೆಂದು ನಾಟಕದ ಕಮಿಟಿಯವರು ದುಡ್ಡು ಕೊಟ್ಟು ಕರೆಸಿದ್ದರು. ಬ್ಯಾನರಿನಲ್ಲಿ ಅವನ ಫೋಟೋ ಗೋಡೆಯಷ್ಟು ದೊಡ್ಡದು. ನನ್ನದು ಮೂಲೆಯಲ್ಲಿ, ಅದೂ ಬೇರೆ ಯಾರದೋ ಮುಖ. ಮುಗಿಯಿತು ನನ್ನ ಕಥೆ ಎಂದುಕೊಂಡೆ.

ತಾಲೀಮಿಗೆ ಕರಿ ಕನ್ನಡಕದಲ್ಲಿ ಬಂದ. ನಾನು ಮೂಗು ಮುರಿದೆ. ಅವನು ಕನ್ನಡಕ ತೆಗೆದು ನೆಲದ ಮೇಲೆ ಕೂತ.

"ಅಕ್ಕಾರ, ನಂಗ ನಾಟಕಾ ಬರೂದಿಲ್ರಿ. ಸಾಯೂದು ಹೆಂಗಂತ ಕಲಸ್ರಿ."

"ಸಾಯೂದು ಸಲೀಸ ಐತಿ. ಒನ್ಸ್ ಮೋರ್ ಅಂದಕೂಡ್ಲೆ ಏಳೂದೊಂದು ಮರೀಬ್ಯಾಡ."

"ಮತ್ತ ನಿಮ್ಮ ಮಾತು?"

"ನನ್ನ ಮಾತು ಯಾರಿಗೆ ಬೇಕಾಗೇತೋ ತಮ್ಮಾ."

ಅವನು ಕನ್ನಡಕವನ್ನು ಜೇಬಿಗೆ ಹಾಕಿಕೊಂಡ. "ನಂದೂ ಅದ ಹಣೇಬಾರ ಐತ್ರಿ. ಹೊಸಾ ಹಾಡು ಶುರು ಮಾಡಿದ್ರ, ಅದನ್ನ ಬಿಡು, ಹಳೇದ ಹಾಡು ಅಂತಾರ. ನಾ ಏಳೂದಿಲ್ಲ ಹೋಗ್ರಿ."

"ಜನಾ ಕುರ್ಚಿ ಒಗೀತಾರ!"

"ಒಗೀಲಿ."

ಹುಡುಗಾಟದ ಮಾತು ಅಂದುಕೊಂಡೆ, ನಂಬಲಿಲ್ಲ.

ನಾಟಕದ ದಿನ ಹಾಡಿದ, ಸತ್ತ. ಜನ ಒನ್ಸ್ ಮೋರ್ ಎಂದು ಕೂಗಿದರು. ಆಮೇಲೆ ತಾವು ಮೊಬೈಲಿನಲ್ಲಿ ಕೇಳುವ ಅವನ ಹಾಡೇ ಬೇಕೆಂದರು. ಹೆಣ ಏಳಲಿಲ್ಲ. "ಏಳಲೇ ಪರಶ್ಯಾ!" ಎಂದು ಸೀಟಿ, ಕೂಗು. ಒಂದು ಚಪ್ಪಲಿ ನನ್ನ ಸೆರಗಿನ ಹತ್ತಿರ ಬಿತ್ತು. ಕಮಿಟಿಯ ಅಧ್ಯಕ್ಷರೇ ಪ್ಯಾಂಟು-ಶರ್ಟಿನಲ್ಲಿ ರಂಗಕ್ಕೆ ಬಂದು ಹೆಣದ ಭುಜ ಅಲುಗಾಡಿಸಿದರು. "ಏ ತಮ್ಮಾ, ಊರ ಮರ್ಯಾದಿ ಪ್ರಶ್ನೆ ಐತಿ, ಏಳು!"

ನನ್ನೊಳಗೆ ಏನು ಹೊಕ್ಕಿತೋ. "ನನ್ನ ಮಗಾ ಸತ್ತಾನ. ದೂರ ಸರೀರಿ!" ಎಂದು ಗುಡುಗಿದೆ. ಪಾಪ, ಅಧ್ಯಕ್ಷರು ಕೈ ಮುಗಿದು ಹಿಂದೆ ಸರಿದೇ ಬಿಟ್ಟರು. ಆಗ ಶುರು ಮಾಡಿದೆ: "ಸತ್ತಾಂವಗೂ ನಾನ ತಾಯಿ, ಕೊಂದಾಂವಗೂ ನಾನ ತಾಯಿ. ಇದ್ದದ್ದೊಂದ ಬಾಯಿ. ಅಳ್ಲ್ಯೋ, ಶಾಪಾ ಹಾಕ್ಲ್ಯೋ?" ಹೆಂಗಸರು ಕೂತ ಕಡೆ ಮೊದಲು ಗಲಾಟೆ ನಿಂತಿತು. ಹಿಂದಿನವರು ಸೀಟಿ ಹೊಡೆಯುತ್ತಲೇ ಇದ್ದರು. ನಾನು ಕೊನೆಯ ಅಕ್ಷರದವರೆಗೂ ಆಡಿದೆ.

ಬಣ್ಣ ಒರೆಸಿಕೊಳ್ಳುವಾಗ ಒಬ್ಬ ಅಜ್ಜಿ ಪರದೆಯ ಹಿಂದೆ ಬಂದಳು. "ಈ ನಾಟಕಾ ಭಾಳ ಸರ್ತಿ ನೋಡೇನಿ ಯವ್ವಾ. ಆ ತಾಯಿ ಮನಸ್ನ್ಯಾಗ ಇಷ್ಟೆಲ್ಲಾ ಇತ್ತು ಅಂತ ಇವತ್ತ ಗೊತ್ತಾತು," ಎಂದಳು. ನಾನು ಅವಳ ಕೈ ಹಿಡಿದು ಅತ್ತೆ, ಈ ಸಲ ಖರೆ ಅಳು. ಅಷ್ಟರಲ್ಲಿ ಪರಶ್ಯಾನನ್ನು ಯಾರೋ ಹಿಂದಿನ ಸಂದಿಯಿಂದ ಬೈಕಿನಲ್ಲಿ ಕರೆದುಕೊಂಡು ಹೋಗಿದ್ದರು. ಸೊಕ್ಕಿನವ ಎಂದು ಜನ ತಿಂಗಳುಗಟ್ಟಲೆ ಮೊಬೈಲಿನಲ್ಲಿ ಅವನನ್ನು ಬೈದರು. ನಾನೋ, ಅವನಿಗೆ ಉಪಕಾರ ಆಯಿತು ಎನ್ನಲೂ ನಾಚಿಕೆಪಟ್ಟು ಕೂತಿದ್ದೆ.

ನಿನ್ನೆ ದವಾಖಾನೆಯಲ್ಲಿ ಪಾಳಿ ಉದ್ದ ಇತ್ತು. ಕಿವಿಯಲ್ಲಿ ಆಟೋದ ಹಾಡು ಇನ್ನೂ ಗುಂಯ್ ಎನ್ನುತ್ತಿತ್ತು. ಹಾರ್ಮೋನಿಯಂ ಮಾಸ್ತರರಿಂದ ಅವನ ನಂಬರು ಪಡೆದು ಫೋನ್ ಹಚ್ಚಿಯೇಬಿಟ್ಟೆ.

ನನ್ನ ದನಿ ಗುರುತು ಹಿಡಿದು "ಅವ್ವಾ!" ಎಂದ. ಅಕ್ಕಾರ ಎನ್ನಲಿಲ್ಲ.

"ಅವತ್ತಿನ ನನ್ನ ಮಾತು ಹೆಂಗಿತ್ತೋ?"

"ಖರೆ ಹೇಳ್ಲೇನ್ರಿ? ನಾ ಕೇಳೇ ಇಲ್ಲ. ಜನಾ ಹಂಗ ಬೈದದ್ದು ಮೊದಲ್ನೇ ಸರ್ತಿ, ಅಂಜಿದ್ದೆ. ಅಳು ಬರಬಾರ್ದಂತ ಮನಸ್ನ್ಯಾಗ ಹಾಡು ಅನ್ಕೊಂತ ಬಿದ್ದಿದ್ದೆ. ಈಗ ಹೇಳ್ರಲಾ."

ಬೆಂಚಿನ ಮೇಲೆ ಕಣ್ಣಿಗೆ ಔಷಧ ಹಾಕಿಸಿಕೊಂಡವರು ಸಾಲಾಗಿ ಕಣ್ಣು ಮುಚ್ಚಿ ಕೂತಿದ್ದರು. ಮೊಣಕಾಲು ಹಿಡಿದುಕೊಂಡು ಎದ್ದು ನಿಂತೆ. ಫೋನನ್ನು ಬಾಯಿಯ ಹತ್ತಿರ ಹಿಡಿದು ಮೊದಲಿನಿಂದ ಶುರು ಮಾಡಿದೆ. ಅರ್ಧಕ್ಕೆ ಬಂದಾಗ ನರ್ಸಮ್ಮ ಬಾಗಿಲಲ್ಲಿ ನಿಂತು ನನ್ನ ಹೆಸರು ಕೂಗಿದಳು, ಮತ್ತೊಮ್ಮೆ ಕೂಗಿದಳು.

ನಾನು ನಿಲ್ಲಿಸಲಿಲ್ಲ.