ಮರಳಿನಲ್ಲಿ ಹಿಮಕುಸಿತದ ತಾಲೀಮು

ಕುವೈತಿನ ನಮ್ಮ ಕನ್ನಡದವರ ನಡುವೆ ಒಂದು ಕಪ್ಪು ಸೂಟ್‌ಕೇಸ್ ಓಡಾಡುತ್ತಿರುತ್ತದೆ. ಮೊದಲು ಅದನ್ನು ಕೊಂಡವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಒಳಗೆ ಹಿಮಕ್ಕೆ ಬೇಕಾದ ಜಾಕೆಟ್ಟು, ಕೈಗವಸು, ಉಣ್ಣೆಯ ಕಾಲುಚೀಲ, ಕಿವಿ ಮುಚ್ಚುವ ಟೋಪಿ. ರಜೆಗೆ ಜಾರ್ಜಿಯಾಕ್ಕೋ ಅಜರ್‌ಬೈಜಾನಿಗೋ ಹೊರಟವರು ಹಿಂದಿನ ಸಲ ಹೋಗಿ ಬಂದವರ ಮನೆಯಿಂದ ಅದನ್ನು ತಂದುಕೊಳ್ಳುತ್ತಾರೆ, ವಾಪಸು ಬಂದಮೇಲೆ ಒಗೆದು ಮುಂದಿನವರಿಗೆ ದಾಟಿಸುತ್ತಾರೆ. ಈ ಬಿಸಿಲಿನ ಊರಿನಲ್ಲಿ ಪ್ರತಿ ಮನೆಯವರೂ ಉಣ್ಣೆ ಕೊಂಡು ಕಪಾಟು ತುಂಬಿಸುವುದು ದಂಡ ಎಂಬುದು ನ್ಯಾಯವಾದ ಮಾತೇ. ಆ ಸೂಟ್‌ಕೇಸಿನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಶುರುವಾದದ್ದು, ಹಿಮದಡಿ ಹೂತವರನ್ನು ಪತ್ತೆಹಚ್ಚುವ ಬೀಕನ್ನನ್ನೂ ಅದರೊಳಗೇ ಹುಡುಕು ಎಂದು ನನ್ನ ಗಂಡ ಹೇಳಿದ ದಿನ.

ಸ್ಕೀಯಿಂಗು ನಮ್ಮಂಥವರಿಗೆ ಯಾಕೆ ಎಂದು ಊರಿನವರು ನಗುತ್ತಾರೆ, ನಗಲಿ. ದುಬೈ ಮಾಲಿನೊಳಗಿನ ಹಿಮದ ಇಳಿಜಾರಿನಲ್ಲಿ ಬಿದ್ದು ಎದ್ದು ಕಲಿತವರು ನಾವು. ಆಮೇಲೆ ಜಾರ್ಜಿಯಾದ ಬೆಟ್ಟಗಳಿಗೆ ಮೂರು ಚಳಿಗಾಲ ಹೋದೆವು. ನಾವು ಎಂದರೆ ನಾಲ್ವರು. ನಾನು ಮೈಸೂರಿನವಳು, ಸಾಲ್ಮಿಯಾದ ಕ್ಲಿನಿಕ್ಕೊಂದರಲ್ಲಿ ಫಿಸಿಯೋಥೆರಪಿಸ್ಟ್. ಗಂಡ ಉಡುಪಿ ಕಡೆಯವರು, ಅಹ್ಮದಿಯ ತೈಲ ಕಂಪನಿಯಲ್ಲಿ ಸೇಫ್ಟಿ ಆಫೀಸರ್. ಉಳಿದಿಬ್ಬರು ಅವರ ಆಫೀಸಿನ ಗೆಳೆಯ ಮತ್ತು ಆತನ ಹೆಂಡತಿ. ಆಕೆ ನನಗಿಂತ ಚಿಕ್ಕವಳು, ಬ್ಯಾಂಕಿನಲ್ಲಿ ಕೆಲಸ, ನನ್ನನ್ನು ಅಕ್ಕ ಎನ್ನುತ್ತಾಳೆ. ಈ ಸಲ ಫೆಬ್ರವರಿ ಕೊನೆಯ ರಾಷ್ಟ್ರೀಯ ರಜೆಯಲ್ಲಿ, ಯಂತ್ರದಲ್ಲಿ ಹದಮಾಡಿದ ದಾರಿ ಬಿಟ್ಟು, ಯಾರೂ ತುಳಿಯದ ಹಿಮದ ಮೇಲೆ ಹತ್ತಿ ಇಳಿಯಬೇಕು ಎಂಬ ಆಸೆ ನಾಲ್ವರಿಗೂ ಹುಟ್ಟಿತು. ಅಂಥ ಜಾಗದಲ್ಲಿ ಹಿಮದ ಪದರ ಕಾಲಡಿಯಿಂದಲೇ ಜಾರಿ ಮೈಮೇಲೆ ಕುಸಿಯಬಹುದು. ಅದಕ್ಕೆ ಅಲ್ಲಿನ ಒಬ್ಬ ಗೈಡ್ ಜೊತೆ ಮಾತಾಡಿದೆವು.

ಆ ಮನುಷ್ಯ ವಿಡಿಯೋ ಕಾಲಿನಲ್ಲಿ ನಗಲೇ ಇಲ್ಲ. ಬೀಕನ್, ಸಲಿಕೆ, ಮಡಚಿ ಬ್ಯಾಗಿಗೆ ಹಾಕುವ ಉದ್ದನೆಯ ಕೋಲು, ಈ ಮೂರೂ ಪ್ರತಿಯೊಬ್ಬರಲ್ಲೂ ಇರಬೇಕು ಎಂದ. ಇದ್ದರೆ ಸಾಲದು, ಬರುವ ಮೊದಲೇ ಪಾಠ ನೋಡಿ ಅಭ್ಯಾಸ ಮಾಡಿರಬೇಕು, ಬಂದ ದಿನವೇ ಪರೀಕ್ಷೆ. ಹಿಮದಡಿಯಲ್ಲಿ ಹೂತುಹೋದವರಿಗೆ ಉಸಿರಿರುವುದು ಹೆಚ್ಚೆಂದರೆ ಕಾಲು ಗಂಟೆ ಎಂದುಕೊಳ್ಳಿ, ಅಷ್ಟರೊಳಗೆ ಹೆಲಿಕಾಪ್ಟರ್ ಬರುವುದಿಲ್ಲ, ಪಕ್ಕದಲ್ಲಿದ್ದವರೇ ಅಗೆದು ತೆಗೆಯಬೇಕು ಎಂದ. ಹೂತುಹೋದವನು ನಾನೇ ಆಗಿರಬಹುದು, ಆಗ ನನ್ನನ್ನು ಹುಡುಕುವವರು ನೀವು ನಾಲ್ವರೇ ಎಂದೂ ಸೇರಿಸಿದ. ನಾನು ಆ ಮಾತನ್ನು ಬರೆದಿಟ್ಟುಕೊಂಡೆ. ಗಂಡ ಮೈಕ್ ಮುಚ್ಚಿಕೊಂಡು, ಇವನಿಗೆ ಹೆದರಿಸಿ ರೂಢಿ ಅಂದರು.

ಬೀಕನ್ ಎಂದರೆ ಎದೆಗೆ ಕಟ್ಟಿಕೊಳ್ಳುವ, ಅಂಗೈಯಗಲದ ಒಂದು ಪೆಟ್ಟಿಗೆ. ಸದಾ ಸಂಕೇತ ಕಳಿಸುತ್ತಿರುತ್ತದೆ. ಯಾರಾದರೂ ಹೂತುಹೋದರೆ ಉಳಿದವರು ತಮ್ಮ ತಮ್ಮ ಪೆಟ್ಟಿಗೆಯ ಗುಂಡಿ ಒತ್ತಿ, ಸಂಕೇತ ಕಳಿಸುವುದನ್ನು ಬಿಟ್ಟು ಹುಡುಕುವಂತೆ ಬದಲಿಸಬೇಕು. ಅದು ಬಾಣದ ಗುರುತು ತೋರಿಸುತ್ತದೆ, ಹತ್ತಿರ ಹೋದಂತೆ ಅಂಕಿ ಇಳಿಯುತ್ತದೆ. ಜಾಗ ಸಿಕ್ಕಿದ ಮೇಲೆ ಕೋಲು ಚುಚ್ಚಿ ನೋಡಬೇಕು, ಆಮೇಲೆ ಸಲಿಕೆ. ನನ್ನ ಎದೆಯ ಮೇಲಿನ ಬೀಕನ್ ತಾನಾಗಿ ನನ್ನನ್ನು ಹೊರಗೆ ತೆಗೆಯುವುದಿಲ್ಲ. ನನ್ನ ಜೀವ ಇರುವುದು ಮೇಲೆ ನಿಂತವರ ಕೈಯಲ್ಲಿ, ಅವರ ಬೆನ್ನಿನ ಸಲಿಕೆಯಲ್ಲಿ. ಇಷ್ಟನ್ನೂ ನಾನು ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿ ಇಟ್ಟು ವಿವರಿಸಿದೆ.

"ಎಂಥ ಮಾರಾಯ್ತಿ, ನಾವಿಬ್ರು ಒಟ್ಟಿಗೇ ಇರುದಲ್ವಾ? ಮನೆಗೊಂದು ಸಾಕು," ಅಂದರು ನನ್ನವರು.

ಮನೆಗೊಂದು! ಛತ್ರಿ ಕೊಂಡ ಹಾಗೆ. ಕೇಳಿ ಮೈಯೆಲ್ಲಾ ಉರಿದುಹೋಯಿತು. ಇದು ಅನಕ್ಷರಸ್ಥರ ಮಾತಲ್ಲ. ಅನಿಲ ಪತ್ತೆಹಚ್ಚುವ ಯಂತ್ರ ಎದೆಗೆ ಸಿಕ್ಕಿಸಿಕೊಳ್ಳದೆ ಒಬ್ಬನೇ ಒಬ್ಬ ಕೆಲಸಗಾರನನ್ನೂ ಸೈಟಿಗೆ ಬಿಡದ ಮನುಷ್ಯ ಇವರು. ಒಮ್ಮೆ ಸೈರನ್ ಆದಮೇಲೆ ಎಣಿಕೆಯಲ್ಲಿ ಒಂದು ತಲೆ ಕಡಿಮೆ ಬಂತೆಂದು ಇಡೀ ಸೈಟನ್ನೇ ಬಿಸಿಲಿನಲ್ಲಿ ನಿಲ್ಲಿಸಿದ್ದರಂತೆ. ಕೊನೆಗೆ ನೋಡಿದರೆ ಆ ಕೆಲಸಗಾರ ಕಂಟೇನರಿನ ಹಿಂದೆ ನಿದ್ದೆ ಹೋಗಿದ್ದ. ಈ ಕಥೆಯನ್ನು ನಾನು ಎಷ್ಟು ಮನೆಗಳ ಊಟದಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಅಂಥವರಿಗೆ ಮನೆಯ ಹೊಸಿಲು ದಾಟಿ ಒಳಗೆ ಬಂದಕೂಡಲೇ ಸೇಫ್ಟಿಯೆಂಬುದು ಶೂ ಜೊತೆ ಹೊರಗೆ ಬಿಟ್ಟುಬರುವ ವಸ್ತು. ನಮ್ಮ ನಮ್ಮಲ್ಲಿ ಎಂಥ ತಾಲೀಮು ಎಂದು ಗೆಳೆಯನೂ ದನಿಗೂಡಿಸಿದ.

ನಾನು ಜಗಳವಾಡಿ, ಎರಡು ದಿನ ಮಾತು ಬಿಟ್ಟು, ಕೊನೆಗೆ ನಾಲ್ಕು ಸೆಟ್ ತರಿಸಿದೆ. ಫಿಂಟಾಸಿನ ನಮ್ಮ ಫ್ಲಾಟಿಗೆ ಡಬ್ಬಗಳು ಬಂದವು. ಸಲಿಕೆಗಳನ್ನು ನೋಡಿ ಕಟ್ಟಡದ ಕಾವಲಿನ ಹಾರಿಸ್, ಬಾಲ್ಕನಿಯಲ್ಲಿ ತೋಟ ಮಾಡುತ್ತೀರಾ ಎಂದು ಕೇಳಿದ. ಪಾಠದ ವಿಡಿಯೋಗಳನ್ನು ನಾಲ್ವರ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಗಂಡಸರಿಬ್ಬರೂ ಹೆಬ್ಬೆರಳೆತ್ತಿದ ಚಿತ್ರ ಹಾಕಿ ಕೈತೊಳೆದುಕೊಂಡರು.

ಕುವೈತಿನಲ್ಲಿ ಹಿಮವಿಲ್ಲ, ಮರಳಿಗೇನು ಬರವೇ? ಚಳಿಗಾಲದಲ್ಲಿ ಇಲ್ಲಿನ ಜನ ಮರಳುಗಾಡಿನಲ್ಲಿ ಡೇರೆ ಹಾಕುತ್ತಾರೆ. ಒಂದು ಶುಕ್ರವಾರಕ್ಕೆ ನಾವೂ ಒಂದು ಡೇರೆ ಬಾಡಿಗೆಗೆ ಹಿಡಿದೆವು. ಮಧ್ಯಾಹ್ನ ಅಭ್ಯಾಸ, ಸಂಜೆ ಕಬಾಬು ಎಂದು ನಾನು ಹೇಳಿದ್ದು. ಡಿಕ್ಕಿಯಿಂದ ಮೊದಲು ಇಳಿದದ್ದು ಇದ್ದಿಲು, ಐಸ್ ಪೆಟ್ಟಿಗೆ, ಸ್ಪೀಕರು. ಸಲಿಕೆಯನ್ನು ಒಲೆಯ ಇದ್ದಿಲು ಕೆದಕಲು ಬಳಸಿದಾಗಲೂ ನಾನು ಹಲ್ಲುಕಚ್ಚಿ ಸುಮ್ಮನಿದ್ದೆ. ಮೊದಲು ಒಂದು ಬೀಕನ್ನನ್ನು ಚೀಲದಲ್ಲಿ ಹಾಕಿ ಮರಳಿನಲ್ಲಿ ಹೂತೆ. ಗಂಡ ಸುತ್ತಿ ಸುತ್ತಿ ಹೇಗೋ ಅದನ್ನು ಹುಡುಕಿದರು, ಚಪ್ಪಾಳೆಯಾಯಿತು. ಆಮೇಲೆ, ನಾನೇ ಹೋಗಿ ದಿಬ್ಬದಾಚೆ ಮಲಗುತ್ತೇನೆ, ನನ್ನ ದುಪಟ್ಟಾ ಕಣ್ಮರೆಯಾದ ಕೂಡಲೇ ಮೂವರೂ ಹೊರಡಿ, ಯಾವ ಕಡೆ ಎಂದು ಹೇಳುವುದಿಲ್ಲ ಎಂದೆ. ಮೂವರೂ ತಲೆಯಾಡಿಸಿದರು.

ದಿಬ್ಬ ಇಳಿದು, ಬಲಕ್ಕೆ ತಿರುಗಿ, ಒಂದು ತಗ್ಗು ಹುಡುಕಿ ಬೋರಲು ಮಲಗಿದೆ. ಗಾಳಿಗೆ ಮರಳು ಕಿವಿಯೊಳಗೆ ಬರುತ್ತಿತ್ತು. ಎದೆಯ ಕೆಳಗೆ ಬೀಕನ್ ಒತ್ತುತ್ತಿತ್ತು. ಮೊದಮೊದಲು ನಗು ಬಂತು. ಈಗ ಬಂದರು, ದಿಬ್ಬದ ಮೇಲಿದ್ದಾರೆ ಎಂದುಕೊಂಡೆ. ಬರಲಿಲ್ಲ. ಎಡಕ್ಕೆ ಹೋಗಿರಬೇಕು, ಜೇಬಿನಲ್ಲಿಟ್ಟ ಫೋನಿನಿಂದ ಬೀಕನ್ನಿನ ಸಂಕೇತ ಕೆಟ್ಟಿರಬೇಕು, ಪಾಪ, ಮೊದಲ ಸಲ ಎಂದು ಅವರ ಪರವಾಗಿ ನಾನೇ ನೆಪ ಹುಡುಕಿದೆ. ಅಷ್ಟರಲ್ಲಿ ಗಾಳಿ ಕಬಾಬಿನ ವಾಸನೆ ತಂದಿತು. ಹಿಂದೆಯೇ ಗೆಳೆಯನ ನಗು, ಸ್ಪೀಕರಿನ ಹಾಡು. ಈರುಳ್ಳಿ ಎಲ್ಲಿಟ್ಟಿದ್ದೀರಿ ಎಂದು ನನ್ನ ಗಂಡ ಯಾರನ್ನೋ ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು.

ಎದ್ದು ಬರಬಹುದಿತ್ತು, ಹಟಕ್ಕೆ ಬಿದ್ದು ಏಳಲಿಲ್ಲ. ಇನ್ನೂ ಬರುತ್ತಾರೇನೋ ಎಂಬ ಆಸೆಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಬೆನ್ನ ಮೇಲಿನ ಬಿಸಿಲು ಆರಿತು, ಮರಳು ತಣ್ಣಗಾಯಿತು. ಮೈ ಜೋಮು ಹಿಡಿಯಿತು. ದಿನವಿಡೀ ಜನರ ಕೀಲು ಸ್ನಾಯು ಸರಿಮಾಡುವ ನನಗೆ ನನ್ನ ಕಾಲು ಎತ್ತಿಡುವುದೇ ಕಷ್ಟವಾಯಿತು. ಅಳು ಬಂತು, ಅದರ ಹಿಂದೆಯೇ ಪಿತ್ತ ನೆತ್ತಿಗೇರಿತು.

ದಿಬ್ಬ ಹತ್ತಿ ಬಂದಾಗ ಮೂವರೂ ಚಾಪೆಯ ಮೇಲೆ ಕೂತು ತಿನ್ನುತ್ತಿದ್ದರು. ಗಂಡನ ಬೀಕನ್ ಐಸ್ ಪೆಟ್ಟಿಗೆಯ ಮೇಲೆ, ಪುದೀನ ಚಟ್ನಿಯ ಪಕ್ಕದಲ್ಲಿತ್ತು. ಪಟ್ಟಿ ಎದೆಗೆ ಕಡಿಯುತ್ತದೆಂದು ಬಿಚ್ಚಿಟ್ಟಿದ್ದರಂತೆ. ಕಬಾಬು ಹೊತ್ತಿಹೋಗುತ್ತಿತ್ತು, ತಿರುಗಿಸಿ ಹೊರಡೋಣ ಎಂದುಕೊಂಡರಂತೆ, ಆಮೇಲೆ ಮಾತಿಗೆ ಮಾತು ಬೆಳೆಯಿತಂತೆ. ನನ್ನ ಕೂದಲಿನಿಂದ ಮರಳು ತಟ್ಟೆಗೆ ಉದುರುತ್ತಿತ್ತು.

"ಅಲ್ಲಾ ರೀ, ನಾನು ಅಲ್ಲಿ ಮಲಗಿದ್ದೆ," ಅಂದೆ.

"ನೀನೇ ಬರ್ತಿ ಅಂತ ಗೊತ್ತಿತ್ತಲ್ಲ ಮಾರಾಯ್ತಿ," ಅಂದರು. "ಎಲ್ಲಿಗೆ ಹೋಗ್ಲಿಕ್ಕುಂಟು ನಿನಗೆ?"

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ತಟ್ಟೆಯಲ್ಲಿ ನನಗೆಂದು ತುಂಡುಗಳನ್ನು ತೆಗೆದಿಟ್ಟೇ ಅಂದದ್ದು. ಅದಕ್ಕೇ ನನಗೆ ಇನ್ನಷ್ಟು ರೋಷ ಬಂತು. ಇಪ್ಪತ್ತು ವರ್ಷದ ಸಂಸಾರದಲ್ಲಿ ನಾನು ಎಲ್ಲ ಸಲವೂ ನಾನಾಗಿಯೇ ವಾಪಸು ಬಂದಿದ್ದೇನೆ. ಜ್ವರ ಬಂದಾಗ ನಾನೇ ಎದ್ದಿದ್ದೇನೆ, ಜಗಳವಾದಾಗ ನಾನೇ ಮೊದಲು ಮಾತಾಡಿದ್ದೇನೆ. ಕೆಲಸ ಹೋಗಿ ಮನೆಯಲ್ಲಿ ಮಂಕು ಹಿಡಿದು ಕೂತಿದ್ದ ವರ್ಷ, ಏನಾಗಿದೆ ನಿನಗೆ ಎಂದು ಯಾರೂ ಕೇಳದೆ, ನಾನೇ ಮುಖ ತೊಳೆದುಕೊಂಡು ಹೊಸ ಕೆಲಸ ಹುಡುಕಿದ್ದೇನೆ. ಬರುವವಳನ್ನು ಯಾರು ಹುಡುಕುತ್ತಾರೆ? ಆಫೀಸಿನಲ್ಲಿ ಒಂದು ತಲೆ ಕಡಿಮೆಯಾದರೆ ಎಲ್ಲರನ್ನೂ ನಿಲ್ಲಿಸ್ತೀರಲ್ಲ, ನನ್ನ ತಲೆ ಎಣಿಕೆಯಲ್ಲೇ ಇಲ್ಲವಾ ಎಂದು ಗೆಳೆಯನ ಎದುರಿಗೇ ಕೂಗಾಡಿದೆ. ಅದು ಡ್ಯೂಟಿ, ಇದು ಪಿಕ್‌ನಿಕ್ಕು, ಎರಡನ್ನೂ ಯಾಕೆ ಸೇರಿಸುತ್ತೀ ಅಂದರು. ನಾನು ಆ ಕಬಾಬನ್ನು ಮುಟ್ಟಲಿಲ್ಲ.

ಮಾರನೆಯ ದಿನ ಗೆಳೆಯನ ಹೆಂಡತಿ ಫೋನ್ ಮಾಡಿದಳು. "ಅಕ್ಕ, ನಾನು ಎದ್ದು ಹೊರಡಕ್ಕೆ ಹೋದೆ. ಇವರು ಕೂತ್ಕೋ, ಬರ್ತಾರೆ ಅಂದ್ರು, ಕೂತ್ಬಿಟ್ಟೆ. ನಂದೇ ತಪ್ಪು," ಅಂದಳು. ನಾನು ಅವಳನ್ನೂ ಚೆನ್ನಾಗಿ ಬೈದೆ. ಅವಳು ಬೈಸಿಕೊಂಡು, ಇನ್ನೊಮ್ಮೆ ಕಲಿಯೋಣ, ಯಾವಾಗ ಬರಲಿ ಎಂದು ಕೇಳಿದಳು.

ಆಮೇಲಿನ ಶುಕ್ರವಾರಗಳಲ್ಲಿ ನಾವಿಬ್ಬರೂ ಫಿಂಟಾಸಿನ ಸಮುದ್ರದಂಡೆಗೆ ಹೋದೆವು. ಒಬ್ಬಳು ಬೆನ್ನು ತಿರುಗಿಸಿ ನಿಲ್ಲುವುದು, ಇನ್ನೊಬ್ಬಳು ಬೀಕನ್ ಹೂಳುವುದು, ಆಮೇಲೆ ಹುಡುಕುವುದು. ಬಳೆ ಕಳೆದುಕೊಂಡಿರಾ ಎಂದು ದಾರಿಹೋಕರು ಕೇಳಿದರು. ಒಬ್ಬ ಈಜಿಪ್ಟಿನ ಅಜ್ಜಿಯಂತೂ ನಮ್ಮ ಜೊತೆ ಮಂಡಿಯೂರಿ ಕೈಯಿಂದ ಮರಳು ತೋಡಿದಳು, ಬೇಡ ಎಂದರೂ ಬಿಡಲಿಲ್ಲ. ಗೆಳೆಯನ ಹೆಂಡತಿ ತಪ್ಪಿದರೆ ನಾನು ರೇಗುತ್ತಿದ್ದೆ, ನಾನು ತಪ್ಪಿದರೆ ಅವಳು ಮೆಲ್ಲಗೆ, ಅಕ್ಕ ಇನ್ನೊಂದ್ಸಲ, ಎನ್ನುತ್ತಿದ್ದಳು. ಅಂಗೈಯಲ್ಲಿ ಬೊಬ್ಬೆಗಳು ಎದ್ದವು. ಮನೆಗೆ ಬಂದರೆ ನನ್ನವರು ಸೋಫಾದ ಮೇಲೆ ಮಲಗಿ ಅದೇ ವಿಡಿಯೋವನ್ನು ದುಪ್ಪಟ್ಟು ವೇಗದಲ್ಲಿ ನೋಡುತ್ತಿರುತ್ತಿದ್ದರು. ಬನ್ನಿ ಎಂದು ನಾನು ಕರೆಯಲಿಲ್ಲ. ಕರೆದರೆ ಬರುತ್ತಿದ್ದರು, ಅದು ನನಗೆ ಗೊತ್ತಿತ್ತು. ಕರೆಯದೆ ಬರಲಿ ಎಂದು ನನ್ನ ಛಲ.

ಫೆಬ್ರವರಿಯಲ್ಲಿ ಹೋದೆವು. ಬೆಟ್ಟದ ಬುಡದಲ್ಲಿ ಗೈಡ್ ಪರೀಕ್ಷೆ ಇಟ್ಟ. ಹಿಮದಲ್ಲಿ ಎಲ್ಲೋ ಚೀಲ ಹೂತಿದ್ದ, ಒಬ್ಬೊಬ್ಬರಾಗಿ ಹುಡುಕಬೇಕು. ನಾನು ಮಧ್ಯದಲ್ಲಿ ಒಮ್ಮೆ ದಾರಿ ತಪ್ಪಿ ಹಿಂದೆ ಬಂದೆ, ಆದರೂ ಹೊತ್ತಿನೊಳಗೆ ಮುಗಿಸಿದೆ. ಗೆಳೆಯನ ಹೆಂಡತಿ ಒಂಚೂರೂ ಗಾಬರಿಯಾಗದೆ ಮುಗಿಸಿದಳು. ಗೆಳೆಯ ಏದುಸಿರು ಬಿಡುತ್ತಾ ಹೇಗೋ ದಾಟಿಕೊಂಡ. ಎಲ್ಲರಿಗಿಂತ ಬೇಗ ಹುಡುಕಿದವರು ಯಾರು ಗೊತ್ತೇ? ನನ್ನ ಗಂಡ. ಯಂತ್ರಗಳೆಂದರೆ ಅವರ ಕೈ ಕುದುರುತ್ತದೆ. ನೇರ ಹೋದರು, ಬಗ್ಗಿದರು, ಕೋಲು ಚುಚ್ಚಿದರು, ಅಗೆದು ಚೀಲ ಮೇಲೆತ್ತಿದರು. ಗೈಡ್ ಮೊದಲ ಸಲ ನಕ್ಕ. ಇವರು ನನ್ನ ಕಡೆ ತಿರುಗಿ, ನೋಡಿದೆಯಾ ಎಂಬಂತೆ ಹುಬ್ಬು ಹಾರಿಸಿದರು.

ನನಗೆ ಆಗ ಬಂದಷ್ಟು ಕೋಪ ಮರಳಿನಲ್ಲಿ ಮಲಗಿದ್ದಾಗಲೂ ಬಂದಿರಲಿಲ್ಲ. ಇವರಿಗೆ ಬರುವುದಿಲ್ಲ ಎಂದಾದರೂ ನಾನು ಸಮಾಧಾನ ಮಾಡಿಕೊಂಡಿದ್ದೆ. ಎಲ್ಲಾ ಬರುತ್ತದೆ. ಆವತ್ತು ಮನಸ್ಸು ಮಾಡಿದ್ದರೆ, ಅರ್ಧ ಬೆಂದ ಕಬಾಬು ಬಿಟ್ಟು ಎದ್ದಿದ್ದರೆ, ಒಂದು ಹಾಡು ಮುಗಿಯುವುದರೊಳಗೆ ನನ್ನ ತಲೆಯ ಹತ್ತಿರ ಬಂದು ನಿಂತಿರುತ್ತಿದ್ದರು.

ಮೇಲೆ ಹತ್ತುವಾಗ ಇಬ್ಬಿಬ್ಬರ ಜೋಡಿ ಎಂದ ಗೈಡ್. ಒಬ್ಬರ ಕಣ್ಣು ಸದಾ ಇನ್ನೊಬ್ಬರ ಮೇಲಿರಬೇಕು, ಏನಾದರೂ ಆದರೆ ನಿಮ್ಮನ್ನು ಹುಡುಕಲು ಮೊದಲು ಓಡುವವರು ನಿಮ್ಮ ಜೋಡಿ, ಯಾರು ಬೇಕೋ ನೀವೇ ಆರಿಸಿಕೊಳ್ಳಿ ಎಂದ. ಗಂಡ ಆರಿಸಲು ಏನಿದೆ ಎಂಬ ಹಾಗೆ ನನ್ನ ಪಕ್ಕಕ್ಕೆ ಬಂದು ನಿಂತು ಬ್ಯಾಗಿನ ಪಟ್ಟಿ ಬಿಗಿದುಕೊಳ್ಳತೊಡಗಿದರು.

ನಾನು ಸ್ಕೀ ಎಳೆದುಕೊಂಡು ಆಚೆ ನಡೆದು ಗೆಳೆಯನ ಹೆಂಡತಿಯ ಪಕ್ಕ ನಿಂತೆ.

"ಇದೆಂಥದ್ದು?" ಅಂದರು.

"ನಿಮ್ಮ ಜೊತೆ ಸಂಸಾರ ಮಾಡ್ತಿದ್ದೀನಿ ರೀ, ಮುಂದೂ ಮಾಡ್ತೀನಿ," ಅಂದೆ. "ಮೇಲೆ ಮಾತ್ರ ನಾನಾಗಿ ನಾನು ಎದ್ದು ಬರಕ್ಕಾಗಲ್ಲ."

ಅವರ ಕೈ ಪಟ್ಟಿಯ ಮೇಲೆಯೇ ನಿಂತಿತು. ನಮ್ಮ ಮಾತು ಅರ್ಥವಾಗದ ಗೈಡ್ ನನ್ನ ಮುಖ, ಗಂಡನ ಮುಖ ಒಮ್ಮೆ ನೋಡಿ, ಹೆಂಗಸರಿಬ್ಬರಿಗೂ ಮುಂದೆ ಹೋಗಿ ಎಂದ. ಅವಳು ನನ್ನ ಜಾಕೆಟ್ಟಿನ ಜಿಪ್ ಇಳಿಸಿ, ಬೀಕನ್ನಿನ ದೀಪ ಉರಿಯುತ್ತಿದೆಯೇ ಎಂದು ಬಗ್ಗಿ ನೋಡಿ, ಮತ್ತೆ ಜಿಪ್ ಏರಿಸಿದಳು. ನಾನೂ ಅವಳದ್ದನ್ನು ನೋಡಿದೆ. ಹತ್ತಲು ಶುರುಮಾಡಿದೆವು. ಹಿಂದಿನಿಂದ ಗಂಡ ಒಮ್ಮೆ ನನ್ನ ಹೆಸರು ಹಿಡಿದು ಕೂಗಿದರು. ನಾನು ತಿರುಗಲಿಲ್ಲ.