ಟವೆಲ್ ಹಿಡಿದ ಸೀಟು

ಗೆಳೆಯರೇ, ಇವತ್ತು ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದೆ. ನೂಕಾಡಿ ಒಳಗೆ ಹೋಗುವಷ್ಟರಲ್ಲಿ ಅಲ್ಲಿ ಒಬ್ಬ ಮುದುಕಿ ಕುಳಿತಿದ್ದಳು. ನನ್ನ ಟವೆಲನ್ನು ನೀಟಾಗಿ ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದಳು.

"ಯವ್ವಾ, ಇದು ನನ್ನ ಸೀಟು. ಟವೆಲ್ ಹಾಕೀನಿ ನೋಡು," ಎಂದೆ.

ಇಡೀ ಬಸ್ಸು ನನ್ನ ಪರ. "ಏಳಬೇ ಆಯಿ, ಪಾಪ ಅವರಿಗೆ ಅನ್ಯಾಯ ಆಗ್ತದ," ಎಂದ ಹಿಂದಿನ ಸೀಟಿನವನು.

ಆಕೆ ಮೊಣಕಾಲು ಹಿಡಿದುಕೊಂಡು ಎದ್ದಳು. ನನಗೇ ನಾಚಿಕೆಯಾಯಿತು. "ಇರ್ಲಿ, ನೀನೇ ಕುಂದ್ರು ಯವ್ವಾ," ಎಂದೆ.

"ಬ್ಯಾಡಪ್ಪಾ," ಎಂದು ಟವೆಲನ್ನು ನನ್ನ ಕೈಗಿಟ್ಟಳು. "ಟವೆಲ್ ನಿಂದು, ಸೀಟೂ ನಿಂದೇ. ನಾ ಅನ್ಯಾಯ ಮಾಡಾಕಿ ಅಲ್ಲ."

ಗೋಗಿ ಊರು ಬರುವವರೆಗೆ ಆಕೆ ನ್ಯಾಯವಾಗಿ ನಿಂತಿದ್ದಳು. ನಾನು ನ್ಯಾಯವಾಗಿ ಕುಳಿತಿದ್ದೆ.