ಎತ್ತರದ ಹಾಲ್‌ ಮತ್ತು ದೊಡ್ಡಪ್ಪನ ‘ಹೂಂ’

ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ದೊಡ್ಡಪ್ಪ ನಿವೃತ್ತರಾಗಿ, ಭದ್ರಾವತಿಯ ಕ್ವಾರ್ಟರ್ಸ್‌ ಬಿಟ್ಟು ಶಿವಮೊಗ್ಗದಲ್ಲಿ ಮನೆ ಕಟ್ಟಿಸಲು ಹೊರಟಾಗ, ಅವರ ಮಗಳು, ಅಂದರೆ ನನ್ನ ಅಕ್ಕ, ಒಂದು ನಕ್ಷೆ ಬರೆದುಕೊಟ್ಟಿದ್ದಳು. ಅಕ್ಕ ಆರ್ಕಿಟೆಕ್ಟ್. ಮನೆ, ಶಾಲೆ, ಬೀದಿಗಳು ನಮ್ಮ ಮಿದುಳಿಗೆ ಏನು ಮಾಡುತ್ತವೆ ಎಂಬುದನ್ನು ಓದಿಕೊಂಡವಳು. ಹಾಲ್‌ನ ಸೀಲಿಂಗ್ ತಗ್ಗಾಗಿರಲಿ, ಅದಕ್ಕೆ ಮರದ ಹಲಗೆ ಇರಲಿ, ವಯಸ್ಸಾದವರ ಮಿದುಳಿಗೆ ಗದ್ದಲದಲ್ಲಿ ಮಾತು ಹೆಕ್ಕುವುದು ಕಷ್ಟ ಎಂದು ವಿವರಿಸುತ್ತಿದ್ದಳು. ನಾನು ಅವಳ ಹಿಂದೆ ನಿಂತು, ಅವಳ ಹಾಗೇ, ನನಗಿಲ್ಲದ ಕನ್ನಡಕವನ್ನು ಮೇಲೇರಿಸಿ, “ಮಿದುಳು ಹೇಳ್ತಿದೆ, ಮೊದಲು ಕಾಫಿ ಕೊಡಿ” ಎಂದೆ. ಎಲ್ಲರೂ ನಕ್ಕರು. ಆ ನಗುವಿನಲ್ಲಿ ನಕ್ಷೆ ಮುಳುಗಿತು. ಹಿತ್ತಲ ಗಿಡ ಮದ್ದಲ್ಲ ತಾನೇ? ಕಾಂಟ್ರಾಕ್ಟರ್ ಹೇಳಿದ, ಎರಡು ಅಂತಸ್ತಿನಷ್ಟು ಎತ್ತರದ ಡಬಲ್ ಹೈಟ್ ಹಾಲ್‌ ಗೆದ್ದಿತು. ನೆಲಕ್ಕೆ ಮುಖ ಕಾಣುವಂಥ ಟೈಲ್ಸ್, ಗೋಡೆಗೆ ಗ್ರಾನೈಟ್. ಗೃಹಪ್ರವೇಶದ ದಿನ ನಾನು ಅದರ ನಡುವೆ ನಿಂತು ಬಸ್ ಕಂಡಕ್ಟರ್, ಪುರೋಹಿತರು, ಕಡೆಗೆ ನನ್ನದೇ ಗೊರಕೆ, ಎಲ್ಲ ಮಾಡಿ ತೋರಿಸಿದೆ. ಒಂದು ಸಲ ಕೂಗಿದರೆ ಮೂರು ಸಲ ಕೇಳುತ್ತಿತ್ತು. ನನ್ನಂಥವನಿಗೆ ಮತ್ತೇನು ಬೇಕು?

ಕ್ವಾರ್ಟರ್ಸ್‌ನ ಪುಟ್ಟ ಕೋಣೆಯಲ್ಲಿ ದೊಡ್ಡಪ್ಪ ಮಾತಿನ ಮಲ್ಲ. ಅಕ್ಕಪಕ್ಕದವರ ತಕರಾರನ್ನು ಕನ್ನಡದಲ್ಲಿ ಕೇಳಿ, ತಮಿಳಿನಲ್ಲಿ ಬೈದು, ತೆಲುಗಿನಲ್ಲಿ ರಾಜಿ ಮಾಡಿಸುತ್ತಿದ್ದವರು. ಹೊಸ ಮನೆಗೆ ಬಂದ ಮೇಲೆ ಮಾತು ಕಡಿಮೆಯಾಯಿತು. ಹಬ್ಬಕ್ಕೆ ಯಾರ್ಯಾರನ್ನು ಕರೆಯೋಣ ಎಂದು ಕೇಳಿದರೆ “ಹೂಂ” ಎನ್ನುವರು. ಗ್ಯಾಸ್ ಸಿಲಿಂಡರ್ ಬಂತಾ ಎಂದರೆ ಬೆಳಿಗ್ಗೆಯೇ ನುಂಗಿದೆ ಎಂದು ಮಾತ್ರೆ ಡಬ್ಬಿ ತೋರಿಸುವರು. ನಾನು ಅದನ್ನೂ ನಟಿಸಿ ನಗಿಸಿದೆ. ದೊಡ್ಡಮ್ಮ ನಗಲಿಲ್ಲ. ಇವರಿಗೆ ಮರೆವು ಶುರುವಾಗಿದೆ ಎಂದು ತೀರ್ಮಾನಿಸಿಬಿಟ್ಟರು. ಹಳೆಯ ಗೆಳೆಯರನ್ನು ನೋಡಲು ದೊಡ್ಡಪ್ಪ ವಾರಕ್ಕೊಮ್ಮೆ ಒಬ್ಬರೇ ಭದ್ರಾವತಿ ಬಸ್ಸು ಹತ್ತುತ್ತಿದ್ದರು, ಅದನ್ನು ದೊಡ್ಡಮ್ಮ ನಿಲ್ಲಿಸಿದರು. ದಾರಿಯಲ್ಲಿ ಮಾಚೇನಹಳ್ಳಿಯಲ್ಲೇ ಇಳಿದುಬಿಟ್ಟರೆ ಏನು ಗತಿ ಎಂಬ ಭಯ. ದೊಡ್ಡಪ್ಪ ಅದಕ್ಕೂ “ಹೂಂ” ಎಂದರು. ಆಮೇಲೆ ಬಹಳ ಹೊತ್ತು ಗೇಟಿನ ಹತ್ತಿರ ನಿಂತಿದ್ದರು.

ಅಕ್ಕ ಮಾತ್ರ ನಂಬಲಿಲ್ಲ. ಒಂದು ಭಾನುವಾರ ಬಂದವಳು ಅಪ್ಪನನ್ನು ಗೇಟಿನ ಹೊರಗೆ, ಮಲಗುವ ಕೋಣೆಯಲ್ಲಿ, ಹಾಲ್‌ನಲ್ಲಿ ಕೂರಿಸಿ ಮಾತಾಡಿಸಿದಳು. ಹೊರಗೆ, ಕೋಣೆಯಲ್ಲಿ ಅವರು ಕ್ವಾರ್ಟರ್ಸ್‌ನ ದೊಡ್ಡಪ್ಪನೇ. ಹಾಲ್‌ಗೆ ಬಂದರೆ “ಹೂಂ”. ಅಕ್ಕ ನನ್ನ ಕಡೆ ತಿರುಗಿ, “ನೀನು ಹೆಂಗೂ ಗಲಾಟೆ ಮಾಡೋನೇ. ಇವತ್ತು ಉಪಯೋಗಕ್ಕೆ ಬರೋ ಹಾಗೆ ಮಾಡು ಮಾರಾಯ” ಎಂದಳು. ನಾನು ಹಾಲ್‌ನ ಮೂಲೆಮೂಲೆಯಲ್ಲಿ ನಿಂತು ಮಿಕ್ಸಿಯಾದೆ, ತಟ್ಟೆ ಬಿದ್ದ ಸದ್ದಾದೆ, ದೊಡ್ಡಮ್ಮನಾದೆ. ಅವಳು ಅಪ್ಪನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು ಕೇಳಿದಳು. ಹತ್ತೇ ನಿಮಿಷಕ್ಕೆ ತಲೆ ಹಿಡಿದುಕೊಂಡು ಎದ್ದಳು.

ಅವಳು ಹೇಳಿದ್ದು ಇಷ್ಟು. ಕಿವಿ ಬರೀ ಬಾಗಿಲು, ಕೇಳುವ ಕೆಲಸ ಮಿದುಳಿನದು. ಪ್ರತಿ ಮಾತೂ ಗೋಡೆಗೆ ಬಡಿದು ವಾಪಸು ಬಂದು ಮುಂದಿನ ಮಾತಿನ ಮೇಲೆ ಬಿದ್ದರೆ, ಬಿಡಿಸಿಕೊಳ್ಳುವುದರಲ್ಲೇ ಮಿದುಳು ದಣಿಯುತ್ತದೆ. ಅರ್ಥ ಮಾಡಿಕೊಳ್ಳಲು, ನೆನಪಿಟ್ಟುಕೊಳ್ಳಲು ಕಸುವು ಉಳಿಯುವುದಿಲ್ಲ. ಹೊರಗಿನಿಂದ ನೋಡುವವರಿಗೆ ಅದು ಮರೆವಿನ ಹಾಗೇ ಕಾಣುತ್ತದೆ. ಡಾಕ್ಟರಿಗೂ ತೋರಿಸೋಣ, ಮನೆಯನ್ನೂ ರಿಪೇರಿ ಮಾಡೋಣ ಎಂದಳು. “ನಾನು ಆಗಲೇ ಹೇಳಿದ್ದೆ” ಎಂಬ ಮಾತು ಮಾತ್ರ ಅವಳ ಬಾಯಿಂದ ಬರಲೇ ಇಲ್ಲ. ನಾನಾಗಿದ್ದರೆ ಅದನ್ನು ಐದು ಧ್ವನಿಯಲ್ಲಿ ಹೇಳುತ್ತಿದ್ದೆ.

ಕಿವಿ ವಯಸ್ಸಿಗೆ ತಕ್ಕಷ್ಟು ಮಂದವಾಗಿದೆ, ನೆನಪಿಗೆ ಏನೂ ಆಗಿಲ್ಲ ಎಂದರು ಡಾಕ್ಟರು. ಮನೆಗೆ ಮದ್ದು ಮಾಡಿದವಳು ಅಕ್ಕ. ಅರ್ಧ ಎತ್ತರಕ್ಕೆ ತೂತು ಕೊರೆದ ಮರದ ಹಲಗೆಯ ಸೀಲಿಂಗ್ ಬಂತು, ಅದರ ಬೆನ್ನಿಗೆ ಸದ್ದು ಹೀರುವ ಮೆತ್ತೆ. ಗ್ರಾನೈಟಿನ ಮೇಲೆ ದಪ್ಪ ಜಮಖಾನ ತೂಗಿತು. ಟಿವಿ ಕಡೆ ಮುಖ ಮಾಡಿ ಸಾಲಾಗಿದ್ದ ಕುರ್ಚಿಗಳು ಎದುರುಬದುರಾದವು. ಬೆಳಕು ಮಾತಾಡುವವರ ಮುಖದ ಮೇಲೆ ಬೀಳಬೇಕಂತೆ, ತುಟಿ ಕಂಡರೆ ಮಿದುಳಿಗೆ ಅಷ್ಟು ಕೆಲಸ ಕಡಿಮೆಯಂತೆ. ಎಲ್ಲ ಮುಗಿದ ಸಂಜೆ ನಾನೊಂದು ಕೂಗು ಹಾಕಿದೆ. ಒಂದೇ ಸಲ ಕೇಳಿತು. ನನ್ನ ಕಲೆಗೆ ನಷ್ಟವೇ ಸರಿ. ಆದರೆ ಅಲ್ಲಿ ಕೂತವರ ದನಿ ತಾನಾಗಿ ತಗ್ಗಿತ್ತು, ನನ್ನದೂ.

ದೊಡ್ಡಮ್ಮನಿಗೆ ಇನ್ನೂ ಅನುಮಾನ. ಇವರನ್ನು ಒಬ್ಬರೇ ಭದ್ರಾವತಿಗೆ ಕಳಿಸಬಹುದಾ ಎಂದು ಅಕ್ಕನನ್ನು ಮೆಲ್ಲಗೆ ಕೇಳಿದರು. ನಾನಾದರೂ ಸುಮ್ಮನಿರಬಾರದೆ? ಹಾಲ್‌ನ ಆ ತುದಿಯಲ್ಲಿ ಪೇಪರ್ ಓದುತ್ತಿದ್ದ ದೊಡ್ಡಪ್ಪನ ಹಾಗೆ ತಲೆ ತೂಗಿ, ಪಿಸುದನಿಯಲ್ಲಿ “ಹೂಂ...” ಎಂದು ಎಳೆದೆ.

ದೊಡ್ಡಪ್ಪ ಪೇಪರ್ ಕೆಳಗಿಳಿಸಲೂ ಇಲ್ಲ.

“ಹಂಗೆ ಎಳೀಬಾರ್ದು ಕಣೋ, ಎಳೆದ್ರೆ ಕೇಳಿಸಿಲ್ಲ ಅಂತ ಗೊತ್ತಾಗಿಬಿಡುತ್ತೆ. ಈ ಮನೇಲಿ ಎರಡು ವರ್ಷ ಎಲ್ಲಾ ಕೇಳಿಸೋನ ಮಿಮಿಕ್ರಿ ಮಾಡಿದೀನಿ ನಾನು, ನಿನ್ನಕ್ಕ ಒಬ್ಬಳು ಬಿಟ್ರೆ ಯಾರಾದ್ರೂ ಹಿಡಿದ್ರಾ? ನಾಳೆ ಬೆಳಿಗ್ಗೆ ಬಸ್ಸಿಗೆ ಹೋಗ್ತೀನಿ, ಹೇಳು ನಿನ್ನ ದೊಡ್ಡಮ್ಮಂಗೆ.”